ಕಾಲೇಜು ಕಲಾ ಪ್ರಾಜೆಕ್ಟ್‌ಗೆ ಸಣ್ಣ ಅನುದಾನ ಸಿಗುತ್ತಾ? ಯಾರನ್ನು ಕೇಳಬೇಕು, ಹೇಗೆ ಬರೆಯಬೇಕು?

ಹಾಡಿಯ_ದಾರಿ:
ಎಲ್ಲರಿಗೂ ನಮಸ್ಕಾರ. ನಾನು ಎಂ.ಎ. ಓದುತ್ತಿದ್ದೇನೆ, ಊರು ಕೊಡಗಿನ ತಿತಿಮತಿ ಕಡೆ. ನಾವು ಎಂಟು ಜನ ಸೇರಿ ಒಂದು ಕೆಲಸಕ್ಕೆ ಕೈ ಹಾಕಿದ್ದೇವೆ. ಹಾಡಿಗಳಲ್ಲಿ (ಆದಿವಾಸಿಗಳ ಕೇರಿ), ಲೈನ್ ಮನೆಗಳಲ್ಲಿ (ತೋಟದ ಕೂಲಿಯವರ ಸಾಲುಮನೆ) ಇರುವ ವಯಸ್ಸಾದ ಹೆಂಗಸರು ನಾಟಿ ಹೊತ್ತಲ್ಲಿ, ಕಾಫಿ ಕುಯ್ಯುವ ಹೊತ್ತಲ್ಲಿ ಹಾಡುತ್ತಿದ್ದ ಹಾಡುಗಳನ್ನು ಅವರ ಹತ್ತಿರವೇ ಕೂತು ಕಲಿಯಬೇಕು. ಆಮೇಲೆ ಅವರನ್ನೂ ಜೊತೆಗೆ ಕರೆದುಕೊಂಡು ಒಂದು ಗಂಟೆಯ ರಂಗಪ್ರಯೋಗ ಮಾಡಬೇಕು. ಯರವ ಭಾಷೆ, ಕೊಡವ ತಕ್ಕ್, ಅರೆಭಾಷೆ, ಕನ್ನಡ ಎಲ್ಲವೂ ಅದರಲ್ಲಿ ಬರುತ್ತದೆ.

ತೊಂದರೆ ಅಂದರೆ ದುಡ್ಡು. ಲೈಟು, ಸೌಂಡು, ಹಾಲ್ ಬಾಡಿಗೆ, ಜೀಪು, ಊಟ, ನಾಲ್ಕು ದುಡಿ (ಹಾಡಿನ ಜೊತೆ ಬಾರಿಸುವ ಸಣ್ಣ ಚರ್ಮವಾದ್ಯ), ಹಾಡುವವರಿಗೆ ಗೌರವಧನ, ಎಲ್ಲ ಸೇರಿ 65 ಸಾವಿರದ ಹತ್ತಿರ ಬರುತ್ತಿದೆ. ಕಾಲೇಜಿನಲ್ಲಿ ಕೇಳಿದರೆ "ಫಂಡ್ ಇಲ್ಲಮ್ಮ, ವಾರ್ಷಿಕೋತ್ಸವದಲ್ಲಿ ಹತ್ತು ನಿಮಿಷ ಕೊಡುತ್ತೇವೆ" ಅಂದರು. ಹೊರಗೆ ಒಂದು ಕಡೆ ಅರ್ಜಿ ಹಾಕಿದೆವು. ನಿಮ್ಮದು ನೋಂದಾಯಿತ ಸಂಸ್ಥೆ ಅಲ್ಲ ಅಂತ ವಾಪಸ್ ಬಂತು. ವಿದ್ಯಾರ್ಥಿಗಳು ಅಂದರೆ ಸಂಸ್ಥೆಯೂ ಅಲ್ಲ, ಕಲಾವಿದರೂ ಅಲ್ಲ ಅನ್ನುವ ಹಾಗಾಗಿದೆ. ಹಾಗಾದರೆ ನಾವು ಯಾರನ್ನು ಕೇಳಬೇಕು? ಇಂಥದ್ದಕ್ಕೆ ಅನುದಾನ ತಂದವರು ಯಾರಾದರೂ ಇದ್ದೀರಾ?

ಬಾಳೆಲೆ_ಹುಡುಗ:
ಒಳ್ಳೆ ಕೆಲಸ ಅಕ್ಕಾ. ನನಗೆ ದುಡಿ ಬಾರಿಸಲು ಬರುತ್ತದೆ, ದುಡ್ಡು ಬೇಡ.

ಕಾಫಿಹೂ:
ಕೊಡಗಿನಲ್ಲಿ ಅನುದಾನ ಯಾಕೆ ಬೇಕು? ಒಂದೊಂದು ಮನೆತನಕ್ಕೂ ತೋಟ ಇದೆ. ಈ ಸಲ ಕಾಫಿಗೆ ರೇಟೂ ಚೆನ್ನಾಗಿದೆ. ಒಂದು ಭಾನುವಾರ ಹತ್ತು ಮನೆ ಸುತ್ತಿದರೆ 65 ಸಾವಿರ ಆಗುತ್ತದೆ. ಬ್ಯಾನರ್ ಕೆಳಗೆ ಹೆಸರು ಹಾಕಿ. ದಸರಾ ಮಂಟಪಗಳಿಗೆ ಲಕ್ಷಗಟ್ಟಲೆ ಎತ್ತುವ ಊರು ಇದು.

ಹಾಡಿಯ_ದಾರಿ:
ಕಾಫಿಹೂ ಅವರೇ, ನಮ್ಮ ಎಂಟು ಜನರಲ್ಲಿ ಮೂವರು ಲೈನ್ ಮನೆಯಿಂದ ಬಂದವರು. ಅಪ್ಪ ಅಮ್ಮ ಕೆಲಸ ಮಾಡುವ ತೋಟದ ಮನೆಗೆ ಹೋಗಿ ಚಂದಾ ಕೇಳು ಅಂತ ಅವರಿಗೆ ನಾನು ಹೇಳಲಾರೆ.

ರಂಗದ_ಬದಿ:
ನಾನು ಇಪ್ಪತ್ತು ವರ್ಷದಿಂದ ಲೈಟಿಂಗ್ ಮಾಡುತ್ತಿದ್ದೇನೆ. ದಾನಿಗಳ ದುಡ್ಡಿನಲ್ಲಿ ಮಾಡಿದ ನಾಟಕಗಳನ್ನೂ ನೋಡಿದ್ದೇನೆ. ಒಮ್ಮೆ ಕಾಲೇಜು ಹುಡುಗರ ನಾಟಕಕ್ಕೆ ಒಬ್ಬರು 20 ಸಾವಿರ ಕೊಟ್ಟರು. ರಿಹರ್ಸಲ್ ನೋಡಲು ಬಂದವರು, ಕೂಲಿ ಜಗಳದ ದೃಶ್ಯ ಬೇಡ ಅಂದರು. ಹುಡುಗರು ತೆಗೆದುಹಾಕಿದರು. ನಾಟಕದ ಜೀವವೇ ಆ ದೃಶ್ಯದಲ್ಲಿತ್ತು. ಕಾಫಿ ಕುಯ್ಯುವವರ ಹಾಡಿಗೆ ತೋಟದವರ ದುಡ್ಡು ತೆಗೆದುಕೊಳ್ಳುವ ಮುಂಚೆ ಇದನ್ನು ಯೋಚನೆ ಮಾಡಿ. ಎಲ್ಲರೂ ಹಾಗೆ ಅಂತ ಹೇಳುತ್ತಿಲ್ಲ. ಆದರೆ ಅನುದಾನಕ್ಕೂ ಚಂದಾಕ್ಕೂ ಇರುವ ವ್ಯತ್ಯಾಸ ಇದೇ. ಅನುದಾನಕ್ಕೆ ಕಾಗದದ ಮೇಲೆ ಷರತ್ತು ಇರುತ್ತದೆ, ಓದಿ ಒಪ್ಪಬಹುದು, ಇಲ್ಲ ಬಿಡಬಹುದು. ಚಂದಾದ ಷರತ್ತು ಆಮೇಲೆ ಗೊತ್ತಾಗುತ್ತದೆ.

ಕಾಫಿಹೂ:
ಎಲ್ಲ ತೋಟದವರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ ಸಾರ್. ನಮ್ಮ ಅಜ್ಜಿ ಲೈನ್ ಮನೆ ಮದುವೆಗಳಿಗೆ ಹೋಗಿ ಕೂತು ಹಾಡು ಕೇಳುತ್ತಿದ್ದರು.

ಲೆಕ್ಕದ_ಮೇಷ್ಟ್ರು:
ನಾನು ಕಾಲೇಜು ಆಫೀಸಿನಲ್ಲಿ ಲೆಕ್ಕ ಬರೆದು ನಿವೃತ್ತಿ ಆದವನು. ಸ್ವಲ್ಪ ಉದ್ದ ಬರೆಯುತ್ತೇನೆ, ತಾಳ್ಮೆ ಇರಲಿ.

ಮೊದಲು ನಿಮ್ಮ ಫೀಸ್ ರಸೀದಿ ತೆಗೆದು ನೋಡಮ್ಮ. ಅದರಲ್ಲಿ ಸಾಂಸ್ಕೃತಿಕ ಚಟುವಟಿಕೆ, ವಿದ್ಯಾರ್ಥಿ ಸಂಘ, ಮ್ಯಾಗಜಿನ್ ಅಂತ ಬೇರೆ ಬೇರೆ ಸಾಲು ಇರುತ್ತವೆ. ಒಬ್ಬರದ್ದು ಸಣ್ಣ ಮೊತ್ತ, ಎಲ್ಲರದ್ದೂ ಸೇರಿದರೆ ಸಣ್ಣದಲ್ಲ. "ಫಂಡ್ ಇಲ್ಲ" ಅನ್ನುವುದು ಬಾಯಿ ಮಾತಿಗೆ ಬರುವ ಉತ್ತರ. ಬಾಯಲ್ಲಿ ಕೇಳಿದರೆ ಬಾಯಲ್ಲೇ ಉತ್ತರ ಬರುತ್ತದೆ. ಬರೆದು ಕೊಡಿ. ಪ್ರಾಂಶುಪಾಲರ ಹೆಸರಿಗೆ ಒಂದು ಪುಟದ ಪತ್ರ, ಜೊತೆಗೆ ಒಂದು ಪುಟದ ಅಂದಾಜು ವೆಚ್ಚ, ಕೆಳಗೆ ಸಾಂಸ್ಕೃತಿಕ ಸಮಿತಿ ಸಂಚಾಲಕರ ಶಿಫಾರಸು. ಆಫೀಸಿನಲ್ಲಿ ಕೊಟ್ಟು ನಿಮ್ಮ ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ. ಸೀಲ್ ಬಿದ್ದ ಪತ್ರಕ್ಕೆ ಯಾರಾದರೂ ಏನಾದರೂ ಬರೆಯಲೇಬೇಕು.

ಇನ್ನೊಂದು. 65 ಸಾವಿರ ಒಂದೇ ಕಡೆ ಕೇಳಬೇಡಿ. ಅಷ್ಟು ಮೊತ್ತ ನೋಡಿದ ಕೂಡಲೇ ಫೈಲು ಕೆಳಗೆ ಹೋಗುತ್ತದೆ. ಕೆಲಸವನ್ನು ಎರಡು ಹಂತ ಮಾಡಿ. ಮೊದಲನೆಯದು ಹಾಡು ಕಲಿಯುವುದು, ದಾಖಲು ಮಾಡುವುದು. ಎರಡನೆಯದು ರಂಗಪ್ರಯೋಗ. ಮೊದಲನೇ ಹಂತಕ್ಕೆ ಆರು ಜನ ಗಾಯಕಿಯರಿಗೆ ತಲಾ 2,500 ಅಂದರೆ 15,000. ಜೀಪಿಗೆ 6,000. ಊಟ ತಿಂಡಿಗೆ 4,000. ಅಲ್ಲಿಗೆ 25,000. ಇದನ್ನು ಓದಿದವರಿಗೆ ದುಡ್ಡು ಎಲ್ಲಿ ಹೋಗುತ್ತದೆ ಅಂತ ಕಣ್ಣಿಗೆ ಕಾಣುತ್ತದೆ. "ಇತರೆ ಖರ್ಚು" ಅಂತ ಒಂದು ಸಾಲು ಬರೆದು ದೊಡ್ಡ ಮೊತ್ತ ಹಾಕಿದರೆ ಪರಿಶೀಲಿಸುವವರ ಕಣ್ಣು ನೇರ ಅಲ್ಲಿಗೇ ಹೋಗುತ್ತದೆ.

ಬಾಳೆಲೆ_ಹುಡುಗ:
ಮೇಷ್ಟ್ರೇ, ಕೊಡಲ್ಲ ಅಂದರೆ ಆರ್‌ಟಿಐ ಹಾಕಿದರೆ ಹೇಗೆ? ಹತ್ತು ರೂಪಾಯಿ ಫೀಸು, 30 ದಿನದಲ್ಲಿ ಉತ್ತರ ಕೊಡಬೇಕು. ಸಾಂಸ್ಕೃತಿಕ ಶುಲ್ಕ ಎಷ್ಟು ಬಂತು, ಎಷ್ಟು ಖರ್ಚಾಯಿತು ಅಂತ ಕೇಳಿಬಿಡೋಣ.

ಲೆಕ್ಕದ_ಮೇಷ್ಟ್ರು:
ಹಾಕಬಹುದು, ಅದು ನಿಮ್ಮ ಹಕ್ಕು. ಆದರೆ ಮೊದಲ ಹೆಜ್ಜೆ ಅದಾಗಬಾರದು. ಇದೇ ಕಾಲೇಜಿನ ಸಹಿ ನಿಮಗೆ ಇನ್ನೂ ಐದಾರು ಕಡೆ ಬೇಕಾಗುತ್ತದೆ.

ಕುಶಾಲನಗರ_ಬಸ್‌ಸ್ಟ್ಯಾಂಡ್:
ಇದನ್ನು ಒಪ್ಪಲ್ಲ. ಹೆದರಿ ಹೆದರಿಯೇ ಎಲ್ಲ ಕಾಲೇಜಿನಲ್ಲೂ ಹೀಗಾಗಿರುವುದು. ನಾವು ಕಟ್ಟಿದ ದುಡ್ಡಿನ ಲೆಕ್ಕ ಕೇಳಿದರೆ ಸಂಬಂಧ ಕೆಡುತ್ತದೆ ಅನ್ನುವುದಾದರೆ ಅದು ಎಂಥ ಸಂಬಂಧ?

ಮಳೆಗಾಲ:
ನೀವು ಓದು ಮುಗಿಸಿ ಹೊರಗೆ ಬಂದಿದ್ದೀರಿ ಅನಿಸುತ್ತದೆ. ಒಳಗೆ ಇರುವವರಿಗೆ ಇಂಟರ್ನಲ್ ಮಾರ್ಕ್ಸ್ ಇರುತ್ತದೆ.

ಮೈಸೂರಲ್ಲಿರುವ_ಕೊಡಗಿನವ:
ಜಗಳ ಬಿಟ್ಟು ದಾರಿ ಹೇಳೋಣ. ನನಗೆ ಗೊತ್ತಿರುವುದು ಬರೆಯುತ್ತೇನೆ.

ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಸಂಘ ಸಂಸ್ಥೆಗಳಿಗೆ ಧನಸಹಾಯ ಕೊಡುತ್ತದೆ. ಅರ್ಜಿ ಸರ್ಕಾರದ ಸೇವಾಸಿಂಧು ಜಾಲತಾಣದಲ್ಲಿ. ಆದರೆ ನೋಂದಣಿ ಪತ್ರ, ಆಡಿಟ್ ವರದಿ, ಹಿಂದೆ ಮಾಡಿದ ಕಾರ್ಯಕ್ರಮಗಳ ದಾಖಲೆ ಕೇಳುತ್ತಾರೆ. ವಿದ್ಯಾರ್ಥಿ ಗುಂಪಿಗೆ ನೇರವಾಗಿ ಕಷ್ಟ. ಅದೇ ಇಲಾಖೆಯಲ್ಲಿ ವಾದ್ಯ, ವೇಷಭೂಷಣ ಕೊಳ್ಳಲು ಕಲಾವಿದರಿಗೆ ಸಹಾಯ ಸಿಗುತ್ತದೆ. ನಿಮ್ಮ ಜೊತೆ ಹಾಡುವ ಹಿರಿಯರು ಅರ್ಜಿ ಹಾಕಿದರೆ ದುಡಿಗಳು ಅವರದ್ದಾಗುತ್ತವೆ. ನೀವು ಪಾಸಾಗಿ ಹೋದ ಮೇಲೂ ಹಾಡಿಯಲ್ಲಿ ಉಳಿಯುತ್ತವೆ. ನನಗೆ ಇದು ಎಲ್ಲಕ್ಕಿಂತ ಒಳ್ಳೆಯದು ಅನಿಸುತ್ತದೆ.

ಪರಿಶಿಷ್ಟ ಜಾತಿ, ಪಂಗಡದ ಕಲಾವಿದರಿಗೆ ಅದೇ ಇಲಾಖೆಯಲ್ಲಿ ಬೇರೆ ಯೋಜನೆ ಇದೆ. ಯರವರು ಪರಿಶಿಷ್ಟ ಪಂಗಡದಲ್ಲಿ ಬರುತ್ತಾರೆ, ಹಾಗಾಗಿ ಮಡಿಕೇರಿಯ ಸಹಾಯಕ ನಿರ್ದೇಶಕರ ಕಚೇರಿಯಲ್ಲಿ ಕೇಳಿ. ಪೇಪರಿನಲ್ಲಿ ಪ್ರಕಟಣೆ ಬರುವ ತನಕ ಕಾಯಬೇಡಿ.

ಇನ್ನು ಕೇಂದ್ರದ್ದು. ಸಿಸಿಆರ್‌ಟಿ (ಕೇಂದ್ರ ಸಂಸ್ಕೃತಿ ಸಚಿವಾಲಯದ ಒಂದು ಸಂಸ್ಥೆ) ಯುವ ಕಲಾವಿದರಿಗೆ ವಿದ್ಯಾರ್ಥಿವೇತನ ಕೊಡುತ್ತದೆ. 18ರಿಂದ 25 ವರ್ಷದವರಿಗೆ, ತಿಂಗಳಿಗೆ 5,000 ರೂಪಾಯಿ, ಎರಡು ವರ್ಷ. ಜಾನಪದವೂ ಅದರಲ್ಲಿ ಸೇರುತ್ತದೆ. ಗುರುವಿನ ಹತ್ತಿರ ಕನಿಷ್ಠ 5 ವರ್ಷ ಕಲಿತಿರಬೇಕು. ಇದು ಪ್ರಾಜೆಕ್ಟಿಗೆ ಅಲ್ಲ, ಒಬ್ಬರ ತರಬೇತಿಗೆ. ನಿಮ್ಮಲ್ಲಿ ಯಾರಾದರೂ ಚಿಕ್ಕಂದಿನಿಂದ ಕಲಿತವರಿದ್ದರೆ ಬಿಡಬೇಡಿ.

ಸುಳ್ಯದಾಚೆ:
ಅಕಾಡೆಮಿಗಳನ್ನು ಮರೆತಿರಲ್ಲ? ಕೊಡವ ಸಾಹಿತ್ಯ ಅಕಾಡೆಮಿಯೂ ಅರೆಭಾಷೆ ಅಕಾಡೆಮಿಯೂ ಎರಡೂ ಮಡಿಕೇರಿಯಲ್ಲೇ ಇವೆ. ಅಲ್ಲಿ ದುಡ್ಡೇ ಕೇಳಬೇಕು ಅಂತಿಲ್ಲ. "ನಮ್ಮ ಜೊತೆ ಸೇರಿ ಕಾರ್ಯಕ್ರಮ ಮಾಡಿ" ಅಂತ ಕೇಳಿ. ಹಾಲು, ಮೈಕು, ಊಟ, ಆಹ್ವಾನ ಪತ್ರಿಕೆ ಅವರು ನೋಡಿಕೊಂಡರೆ ನಿಮ್ಮ ಅರ್ಧ ಖರ್ಚು ಇಳಿಯಿತು.

ಬಾಳೆಲೆ_ಹುಡುಗ:
ಯರವ ಭಾಷೆಯ ಹಾಡಿಗೆ ಯಾವ ಅಕಾಡೆಮಿ?

ಸುಳ್ಯದಾಚೆ:
ಪ್ರಶ್ನೆ ಸರಿ ಇದೆ. ಜಾನಪದ ಅಕಾಡೆಮಿ ಬೆಂಗಳೂರಿನಲ್ಲಿದೆ, ಅಲ್ಲಿಗೆ ಬರೆಯಬಹುದು.

ಕಾಫಿಹೂ:
ಹೊಸದಾಗಿ ಹಾಡು ಹುಡುಕುವ ಕಷ್ಟ ಯಾಕೆ? ಪಟ್ಟೋಲೆ ಪಳಮೆಯಲ್ಲಿ ಬೇಕಾದಷ್ಟು ಹಾಡು ಇವೆ. ಕೊಡವರ ಹಾಡು, ಪದ್ಧತಿಗಳನ್ನು ಒಟ್ಟು ಮಾಡಿದ 1924ರ ಪುಸ್ತಕ. ಅದನ್ನು ಮಾಡಿದ ನಡಿಕೇರಿಯಂಡ ಚಿಣ್ಣಪ್ಪ ಅವರು 1931ರಲ್ಲೇ ತೀರಿಕೊಂಡರು. ಲೇಖಕರು ತೀರಿ 60 ವರ್ಷ ಕಳೆದ ಮೇಲೆ ಕಾಪಿರೈಟ್ ಇರುವುದಿಲ್ಲ. ಅನುಮತಿ ಕೇಳುವ ತಲೆನೋವೂ ಇಲ್ಲ.

ಹಾಡಿಯ_ದಾರಿ:
ಪಟ್ಟೋಲೆ ಪಳಮೆ ನಮಗೂ ದೊಡ್ಡ ಆಸರೆ, ದುಡಿ ಕೊಟ್ಟ್ ಪಾಟಿನ (ದುಡಿ ಬಾರಿಸುತ್ತಾ ಹಾಡುವ ಕೊಡವ ಹಾಡು) ಭಾಗಕ್ಕೆ ಅದನ್ನೇ ನೋಡುತ್ತಿದ್ದೇವೆ. ಆದರೆ ನಮಗೆ ಬೇಕಾಗಿರುವುದು ಲೈನ್ ಮನೆಯ ಹಾಡು. ಅದನ್ನು ನೂರು ವರ್ಷದ ಹಿಂದೆ ಯಾರೂ ಬರೆದುಕೊಳ್ಳಲಿಲ್ಲ. ನಮ್ಮ ಜೊತೆ ಹಾಡುವ ಅಜ್ಜಿಯೊಬ್ಬರಿಗೆ ಒಂದು ಹಾಡು ಪೂರ್ತಿ ನೆನಪಿದೆ, ಅವರ ತಂಗಿಗೆ ಅರ್ಧ ನೆನಪಿದೆ, ಮಗಳಿಗೆ ಪಲ್ಲವಿ ಮಾತ್ರ ಗೊತ್ತು. ಕುಕ್ಕೆ ಸೊಂಟಕ್ಕೆ ಕಟ್ಟಿಕೊಂಡು ಕೈ ಆಡಿಸುತ್ತಾ ಹಾಡಿದರೆ ಮಾತ್ರ ಅವರಿಗೆ ಸಾಲು ಬರುತ್ತದೆ. ಸುಮ್ನೆ ಕೂರಿಸಿ ಹಾಡಿ ಅಂದರೆ ನಿಂತುಹೋಗುತ್ತದೆ. ಅದಕ್ಕೇ ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ಆಗುವುದಿಲ್ಲ, ತೋಟಕ್ಕೇ ಹೋಗಬೇಕು. ಅದಕ್ಕೇ ಜೀಪಿನ ಖರ್ಚು ಜಾಸ್ತಿ.

ರಂಗದ_ಬದಿ:
ಈಗ ಬರೆದಿರಲ್ಲ, ಕುಕ್ಕೆ ಕಟ್ಟಿಕೊಂಡರೆ ಮಾತ್ರ ಸಾಲು ಬರುತ್ತದೆ ಅಂತ, ಇದನ್ನೇ ಅರ್ಜಿಯ ಮೊದಲ ಪ್ಯಾರಾದಲ್ಲಿ ಹಾಕಿ. ನಾನು ಒಂದೆರಡು ಆಯ್ಕೆ ಸಮಿತಿಯಲ್ಲಿ ಕೂತಿದ್ದೇನೆ. ಬರುವ ಅರ್ಜಿಗಳಲ್ಲಿ ಮುಕ್ಕಾಲು ಪಾಲು "ನಮ್ಮ ಭವ್ಯ ಸಂಸ್ಕೃತಿಯನ್ನು ಉಳಿಸಿ ಬೆಳೆಸುವ ಸದುದ್ದೇಶದಿಂದ" ಅಂತಲೇ ಶುರುವಾಗುತ್ತವೆ. ಹತ್ತು ಓದುವಷ್ಟರಲ್ಲಿ ಎಲ್ಲ ಒಂದೇ ಆಗಿ ಕಾಣುತ್ತದೆ. ಯಾರು ಹಾಡುತ್ತಾರೆ, ಎಲ್ಲಿ, ಅವರಿಗೆ ಎಷ್ಟು ಕೊಡುತ್ತೀರಿ, ಕೊನೆಗೆ ಯಾರು ನೋಡುತ್ತಾರೆ, ಇಷ್ಟು ಇದ್ದರೆ ಅರ್ಜಿ ನಿಲ್ಲುತ್ತದೆ.

ಮಳೆಗಾಲ:
ಗೌರವಧನ ಕೊಡುವುದನ್ನು ಬಜೆಟ್‌ನಲ್ಲಿ ಮೇಲೆ ಹಾಕಿದ್ದು ಇಷ್ಟ ಆಯಿತು. ಸಾಮಾನ್ಯವಾಗಿ ಫ್ಲೆಕ್ಸ್‌ಗೆ, ಶಾಲು ಹಾರಕ್ಕೆ ದುಡ್ಡು ಇರುತ್ತದೆ, ವಾಲಗದವರಿಗೆ ಕೊಡುವಾಗ ಚೌಕಾಸಿ ಮಾಡುತ್ತಾರೆ.

ಕುಶಾಲನಗರ_ಬಸ್‌ಸ್ಟ್ಯಾಂಡ್:
ನಿಜ. ಅತಿಥಿಗೆ ಏಲಕ್ಕಿ ಹಾರ, ಹಾಡಿದವರಿಗೆ ಒಂದು ಲೋಟ ಕಾಫಿ. ಇದು ನಿಲ್ಲಬೇಕು.

ಕಾಫಿಹೂ:
ಅದರಲ್ಲಿ ಎರಡು ಮಾತಿಲ್ಲ. ಆದರೆ ಕಲೆ ಮೇಲಕ್ಕೆ ಬರುವುದೂ ಇದೆ. ಉಮ್ಮತ್ತಾಟ್ (ಕೊಡವ ಹೆಂಗಸರ ಕುಣಿತ) ಕಲಿಸಿದ ರಾಣಿ ಮಾಚಯ್ಯ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತಲ್ಲ.

ಬಾಳೆಲೆ_ಹುಡುಗ:
ಅವರಿಗೆ ಬಂದಿದ್ದು ನಮಗೆಲ್ಲ ಖುಷಿ. ಆದರೆ ಎಷ್ಟೋ ವರ್ಷ ಹೆಣ್ಣುಮಕ್ಕಳಿಗೆ ಕಲಿಸಿದ ಮೇಲೆ ಬಂದ ಗೌರವ ಅದು. ಇಲ್ಲಿ ಕೇಳುತ್ತಿರುವುದು ಜೀಪ್ ಬಾಡಿಗೆ.

ಹಾಡಿಯ_ದಾರಿ:
ಮೇಷ್ಟ್ರೇ, ಒಂದು ಅನುಮಾನ. ದುಡಿ ಮಾಡಿಕೊಡುವವರು, ಜೀಪಿನವರು ಯಾರೂ ಜಿಎಸ್‌ಟಿ ಬಿಲ್ ಕೊಡುವುದಿಲ್ಲ. ಅಜ್ಜಿಯರಿಗೆ ಸಹಿ ಹಾಕಲು ಬರುವುದಿಲ್ಲ. ಆಮೇಲೆ ಲೆಕ್ಕ ಕೊಡುವಾಗ ಏನು ಮಾಡುವುದು? ಎಲ್ಲರೂ ಹೆದರಿಸುತ್ತಿರುವುದು ಇದಕ್ಕೇ.

ಲೆಕ್ಕದ_ಮೇಷ್ಟ್ರು:
ಹೆದರುವಂಥದ್ದು ಏನೂ ಇಲ್ಲ. ವರ್ಷಕ್ಕೆ 20 ಲಕ್ಷದ ಒಳಗೆ ಸೇವೆ ಕೊಡುವವರಿಗೆ ಜಿಎಸ್‌ಟಿ ನೋಂದಣಿ ಕಡ್ಡಾಯ ಅಲ್ಲ. ಜೀಪಿನವರು ಅದರೊಳಗೆ ಬರುತ್ತಾರೆ. ಸಾಮಾನು ಮಾರುವವರಿಗೂ ಹೀಗೇ ಒಂದು ಮಿತಿ ಇದೆ. ಅಂಥವರ ಹತ್ತಿರ ವೋಚರ್ ತೆಗೆದುಕೊಳ್ಳಿ. ದಿನಾಂಕ, ಹೆಸರು, ಊರು, ಏನಕ್ಕೆ, ಎಷ್ಟು, ಫೋನ್ ನಂಬರ್, ಸಹಿ ಅಥವಾ ಹೆಬ್ಬೆಟ್ಟು. ಹೆಬ್ಬೆಟ್ಟು ಹಾಕಿದರೆ ಪಕ್ಕದಲ್ಲಿ ಒಬ್ಬರು ಸಾಕ್ಷಿ ಸಹಿ ಮಾಡಲಿ. 5,000ಕ್ಕಿಂತ ಜಾಸ್ತಿ ಆದರೆ ಒಂದು ರೂಪಾಯಿಯ ರೆವಿನ್ಯೂ ಸ್ಟ್ಯಾಂಪ್ ಅಂಟಿಸಿ ಅದರ ಮೇಲೆ ಸಹಿ. ಆಗುವಷ್ಟು ಮಟ್ಟಿಗೆ ಹಣವನ್ನು ಅವರ ಬ್ಯಾಂಕ್ ಖಾತೆಗೇ ಹಾಕಿ.

ಅದಕ್ಕಿಂತ ಮುಖ್ಯವಾದದ್ದು ಹಣ ಯಾರ ಖಾತೆಗೆ ಬರುತ್ತದೆ ಅನ್ನುವುದು. ನಿಮ್ಮಲ್ಲೊಬ್ಬರ ಸ್ವಂತ ಖಾತೆಗೆ ಬರಲೇಬಾರದು. ಕಾಲೇಜಿನ ಖಾತೆಗೆ ಬರಲಿ, ಒಬ್ಬ ಅಧ್ಯಾಪಕರು ಜವಾಬ್ದಾರಿ ತೆಗೆದುಕೊಳ್ಳಲಿ. ಮುಂಗಡ ತೆಗೆದ ದಿನದಿಂದಲೇ ಒಂದು ನೋಟ್‌ಬುಕ್‌ನಲ್ಲಿ ದಿನದ ಲೆಕ್ಕ ಬರೆಯಿರಿ. ಕೊನೆಯಲ್ಲಿ ಹಣ ಬಳಕೆ ಪ್ರಮಾಣಪತ್ರ ಕೊಡಬೇಕಾಗುತ್ತದೆ. ಕೇಂದ್ರದ ಅನುದಾನ ಪಡೆದ ಸಂಸ್ಥೆಗಳು ಅದನ್ನು ಜಿಎಫ್‌ಆರ್ (ಕೇಂದ್ರದ ಹಣಕಾಸು ನಿಯಮಗಳು) 12-ಎ ನಮೂನೆಯಲ್ಲಿ ಕೊಡುತ್ತವೆ. ಬೇರೆಯವರದ್ದು ಇನ್ನೂ ಸುಲಭ. ಉಳಿದ ಹಣ ವಾಪಸ್ ಕಟ್ಟಿ. 800 ರೂಪಾಯಿ ಉಳಿದರೂ ಕಟ್ಟಿ. ಮುಂದಿನ ವರ್ಷ ನಿಮ್ಮ ಜೂನಿಯರ್‌ಗಳು ಕೇಳಲು ಹೋದಾಗ ಅದು ನೆನಪಿಗೆ ಬರುತ್ತದೆ.

ಕುಶಾಲನಗರ_ಬಸ್‌ಸ್ಟ್ಯಾಂಡ್:
ಕಾಲೇಜಿನ ಖಾತೆಗೆ ಬಂದರೆ ಅದು ಹೊರಗೆ ಬರುವಷ್ಟರಲ್ಲಿ ಇವರ ಕೋರ್ಸ್ ಮುಗಿದಿರುತ್ತದೆ ಮೇಷ್ಟ್ರೇ. ನಮ್ಮ ಬ್ಯಾಚ್‌ನಲ್ಲಿ ಹಾಗೇ ಆಯಿತು. ಹಣ ಮಂಜೂರಾಗಿತ್ತು, ಚೆಕ್ ಬಂದಿದ್ದು ಪರೀಕ್ಷೆ ಆದ ಮೇಲೆ. ಅದಕ್ಕೇ ಸ್ವಂತ ಸಂಘ ಮಾಡಿಕೊಳ್ಳಲಿ. 1960ರ ಸಂಘಗಳ ನೋಂದಣಿ ಕಾಯ್ದೆ ಪ್ರಕಾರ ಏಳು ಜನ ಸಾಕು. ಇವರು ಎಂಟು ಜನ ಇದ್ದಾರೆ.

ಲೆಕ್ಕದ_ಮೇಷ್ಟ್ರು:
ಏಳು ಜನ ಸಾಕು, ನಿಜ. ಆಮೇಲೆ ಪ್ರತಿ ವರ್ಷ ಸಭೆ ಮಾಡಬೇಕು, ಪಟ್ಟಿ ಕೊಡಬೇಕು, ಆಡಿಟ್ ಮಾಡಿಸಬೇಕು. ಓದು ಮುಗಿಸಿ ಒಬ್ಬರು ಬೆಂಗಳೂರು, ಒಬ್ಬರು ದುಬೈ. ಹೀಗೆ ಬಾಗಿಲು ಮುಚ್ಚಿದ ಸಂಘಗಳು ಜಿಲ್ಲೆಯಲ್ಲಿ ಎಷ್ಟಿಲ್ಲ. ಊರಲ್ಲಿ ಈಗಾಗಲೇ ಇರುವ, ಲೆಕ್ಕ ಸರಿ ಇಟ್ಟ ಒಂದು ಯುವಕ ಸಂಘವನ್ನೋ ಮಹಿಳಾ ಸಮಾಜವನ್ನೋ ಜೊತೆ ಮಾಡಿಕೊಳ್ಳಿ. ಅವರ ಹೆಸರಲ್ಲಿ ಅರ್ಜಿ, ಕೆಲಸ ನಿಮ್ಮದು. ಇಬ್ಬರ ನಡುವೆ ಒಂದು ಪುಟದ ಒಪ್ಪಂದ ಬರೆದುಕೊಳ್ಳಿ.

ಮೈಸೂರಲ್ಲಿರುವ_ಕೊಡಗಿನವ:
ಇದಕ್ಕೆ ನನ್ನ ವೋಟು. ಇನ್ನೊಂದು ನೆನಪಾಯಿತು. ಬೆಂಗಳೂರಿನಲ್ಲಿ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಅಂತ ಇದೆ, 1993ರಿಂದ. ಕಲಾ ಸಂಶೋಧನೆಗೆ, ಕಲಾ ಪ್ರಯೋಗಕ್ಕೆ ಅನುದಾನ ಕೊಡುತ್ತಾರೆ. ಪ್ರಸ್ತಾವ ಕನ್ನಡದಲ್ಲೇ ಬರೆಯಬಹುದು. ವಿದ್ಯಾರ್ಥಿಗಳಿಗೆ ಅಂತಲೇ ಇರುವುದಲ್ಲ, ಪೈಪೋಟಿ ಜೋರು. ಆದರೆ ಮೊದಲ ಹಂತದ ದಾಖಲೆ ಕೈಯಲ್ಲಿ ಇದ್ದರೆ ಓದು ಮುಗಿದ ಮೇಲೆ ಅಲ್ಲಿಗೆ ಬರೆಯಿರಿ.

ಮಳೆಗಾಲ:
ಮಡಿಕೇರಿ ಆಕಾಶವಾಣಿಯವರನ್ನೂ ಕೇಳಿ, ಎಫ್‌ಎಂ 103.1. ಹಾಡುವವರನ್ನು ಕರೆಸಿ ರೆಕಾರ್ಡ್ ಮಾಡಿದರೆ ಅವರಿಗೆ ಸಂಭಾವನೆಯೂ ಸಿಗುತ್ತದೆ.

ರಂಗದ_ಬದಿ:
ರೆಕಾರ್ಡಿಂಗ್ ಮಾಡುವ ಮೊದಲು ಅಜ್ಜಿಯರ ಒಪ್ಪಿಗೆ ಬರೆಸಿಕೊಳ್ಳಿ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಹಾಡಿದವರಿಗೆ ಅವರ ಗಾಯನದ ಮೇಲೆ ಹಕ್ಕಿದೆ, 50 ವರ್ಷ ಇರುತ್ತದೆ. ನಾಳೆ ಯಾರೋ ಆ ಆಡಿಯೋ ತೆಗೆದು ರೆಸಾರ್ಟ್ ವಿಡಿಯೋಗೆ ಹಾಕಿದರೆ ಕೇಳಲು ಒಂದು ಕಾಗದ ಬೇಕು. ಒಪ್ಪಿಗೆ ಪತ್ರವನ್ನು ಅವರ ಭಾಷೆಯಲ್ಲೇ ಓದಿ ಹೇಳಿ, ಆಮೇಲೆ ಹೆಬ್ಬೆಟ್ಟು ಹಾಕಿಸಿ.

ಕಾಫಿಹೂ:
ಇದು ಒಳ್ಳೆ ಮಾತು. ಹೋಂಸ್ಟೇಗಳಲ್ಲಿ ಫೈರ್ ಕ್ಯಾಂಪ್ ಹೊತ್ತಿಗೆ ಹಾಡಿಯವರನ್ನು ಕರೆಸಿ ಕುಣಿಸುವುದು ನೋಡಿದರೆ ನನಗೂ ಸಂಕಟ ಆಗುತ್ತದೆ.

ಸುಳ್ಯದಾಚೆ:
ವಿವಿಯಲ್ಲಿ ಏನೂ ಸಿಗುವುದಿಲ್ಲವೇ? ಚಿಕ್ಕಅಳುವಾರದಲ್ಲಿ ಈಗ ನಮ್ಮದೇ ಕೊಡಗು ವಿಶ್ವವಿದ್ಯಾಲಯ ಇದೆಯಲ್ಲ.

ಕುಶಾಲನಗರ_ಬಸ್‌ಸ್ಟ್ಯಾಂಡ್:
2025ರ ಫೆಬ್ರುವರಿಯಲ್ಲಿ ಹೊಸ ವಿವಿಗಳನ್ನು ಮುಚ್ಚುವ ಶಿಫಾರಸು ಬಂದಾಗ ಪಟ್ಟಿಯಲ್ಲಿ ಕೊಡಗೂ ಇತ್ತು. ಉಳಿಸಿಕೊಳ್ಳುವ ಮಾತೇ ದೊಡ್ಡದಾಗಿರುವಾಗ ಕಲೆಗೆ ದುಡ್ಡು ಕೇಳುವುದು ಹೇಗೆ?

ಮೈಸೂರಲ್ಲಿರುವ_ಕೊಡಗಿನವ:
ಅದಕ್ಕೇ ಕೇಳಬೇಕು. ಕೊಡಗಿಗೆ ಒಂದು ವಿವಿ ಯಾಕೆ ಬೇಕು ಅಂತ ಕೇಳಿದವರಿಗೆ ಇಂಥ ಕೆಲಸ ತೋರಿಸಬಹುದು. ಯರವ ಭಾಷೆಯ ಹಾಡನ್ನು ಕಲಿತು ರಂಗಕ್ಕೆ ತರುವುದು ಮಂಗಳೂರಿನಲ್ಲೋ ಮೈಸೂರಿನಲ್ಲೋ ಕೂತು ಆಗುವ ಕೆಲಸವಲ್ಲ. ಹತ್ತು ಸಾವಿರದಂತೆ ವರ್ಷಕ್ಕೆ ಐದು ವಿದ್ಯಾರ್ಥಿ ತಂಡಕ್ಕೆ ಕೊಟ್ಟರೆ 50 ಸಾವಿರ. ಒಂದು ವಿಚಾರ ಸಂಕಿರಣದ ಊಟದ ಖರ್ಚು ಅಷ್ಟಾಗುತ್ತದೆ. ಎಲ್ಲ ಕಾಲೇಜಿನವರು ಸೇರಿ ಇಂಥದ್ದೊಂದು ಸಣ್ಣ ನಿಧಿ ಇಡಿ ಅಂತ ಕುಲಪತಿಗಳಿಗೆ ಬರೆಯೋಣ, ನಾನೂ ಸಹಿ ಹಾಕುತ್ತೇನೆ.

ಲೆಕ್ಕದ_ಮೇಷ್ಟ್ರು:
ಬರೆಯಿರಿ. ಮಾರ್ಚ್ ಒಳಗೆ ಬಜೆಟ್ ತಯಾರಾಗುತ್ತದೆ. ಏಪ್ರಿಲ್‌ನಲ್ಲಿ ಬರೆದರೆ ಒಂದು ವರ್ಷ ಕಾಯಬೇಕು.

ಹಾಡಿಯ_ದಾರಿ:
ನಾವು ನಿನ್ನೆ ರಾತ್ರಿ ಕೂತು ಮಾತಾಡಿದೆವು. 25 ಸಾವಿರದ ಅರ್ಜಿ ಮೊದಲು ಕಾಲೇಜಿಗೆ, ಸೀಲ್ ಹಾಕಿಸಿಕೊಂಡೇ ಕೊಡುತ್ತೇವೆ. ನಮ್ಮ ಊರಿನ ಮಹಿಳಾ ಸಮಾಜದವರನ್ನು ಭಾನುವಾರ ನೋಡುತ್ತೇವೆ. ದುಡಿಗೆ ಅಜ್ಜಿಯರ ಹೆಸರಲ್ಲೇ ಅರ್ಜಿ ಹಾಕಿಸುತ್ತೇವೆ, ಅವರ ಆಧಾರ್, ಪಾಸ್‌ಬುಕ್ ಒಟ್ಟು ಮಾಡುವುದೇ ದೊಡ್ಡ ಕೆಲಸ. ಇಬ್ಬರ ಪಾಸ್‌ಬುಕ್ ತೋಟದ ರೈಟರ್ (ಕೂಲಿ ಲೆಕ್ಕ ಬರೆಯುವವರು) ಹತ್ತಿರ ಇದೆಯಂತೆ.

ಲೆಕ್ಕದ_ಮೇಷ್ಟ್ರು:
ಅದನ್ನು ಮೊದಲು ಬಿಡಿಸಿಕೊಳ್ಳಿ. ಅನುದಾನ ಬರಲಿ ಬಿಡಲಿ, ಪಾಸ್‌ಬುಕ್ ಅವರ ಕೈಯಲ್ಲಿ ಇರಬೇಕು.

ಕಾಫಿಹೂ:
ಯಾವ ತೋಟ ಅಂತ ಇಲ್ಲಿ ಬರೆಯಬೇಡಮ್ಮ, ನನಗೆ ಮೆಸೇಜ್ ಮಾಡು. ಆ ಕಡೆಯವರು ಗೊತ್ತಿದ್ದರೆ ನಾನು ಮಾತಾಡುತ್ತೇನೆ.

ಬಾಳೆಲೆ_ಹುಡುಗ:
ಅಕ್ಕಾ, ಪ್ರದರ್ಶನ ಯಾವಾಗ? ಜನವರಿ ಬೇಡ, ಕುಯ್ಲಿನಲ್ಲಿ ಯಾರಿಗೂ ಬಿಡುವಿರುವುದಿಲ್ಲ. ಜೂನ್ ಆದರೆ ಮಳೆಗೆ ಕರೆಂಟ್ ನಂಬಲಾಗದು.

ಹಾಡಿಯ_ದಾರಿ:
ಮಾರ್ಚ್ ಕೊನೆಗೆ ಅಂದುಕೊಂಡಿದ್ದೇವೆ. ಮೊದಲ ಪ್ರದರ್ಶನ ತಿತಿಮತಿಯಲ್ಲೇ, ಹಾಡಿದವರ ಮನೆಯವರೆಲ್ಲ ನಡೆದು ಬರುವಷ್ಟು ಹತ್ತಿರ. ಮಡಿಕೇರಿ ಆಮೇಲೆ. ದುಡಿಗೆ ನೀನು ಖಂಡಿತ ಬಾ, ಗೌರವಧನದ ಪಟ್ಟಿಯಲ್ಲಿ ನಿನ್ನ ಹೆಸರೂ ಸೇರಿಸುತ್ತೇವೆ.